ರೊಟ್ಟಿಯಲ್ಲಿ ಗೆದ್ದವನ ಗೋಳು

ಸೋತವರ ಕಷ್ಟ ಕೇಳಲು ಓಣಿ ತುಂಬ ಜನ ಸಿಗುತ್ತಾರೆ. ಗೆದ್ದು ಕೆಟ್ಟವನನ್ನು ಯಾರು ಕೇಳುತ್ತಾರೆ? ಅದಕ್ಕೇ ನಿಮ್ಮ ಮುಂದೆ ಹೇಳಿಕೊಳ್ಳುತ್ತಿದ್ದೇನೆ.

ನಾನು ಕಾಶಿನಾಥ, ಹುಮನಾಬಾದಿನವನು. ಬೇಗಂಪೇಟೆಯ ಔಷಧ ಕಂಪನಿಯೊಂದರಲ್ಲಿ ಗುಮಾಸ್ತ, ಮನೆ ಕೂಕಟ್‌ಪಲ್ಲಿಯಲ್ಲಿ. ಹೈದರಾಬಾದಿನ ಗೋಡೆಗೋಡೆಗೂ ಕಂಪ್ಯೂಟರ್ ಕೋರ್ಸಿನ ಪೋಸ್ಟರು ಮೆತ್ತಿದ್ದ ಕಾಲವದು. ಕರ್ನಾಟಕದಿಂದ ಬಂದ ಸಾಫ್ಟ್‌ವೇರ್ ಹುಡುಗರಿಗೆ ನನ್ನ ಹೆಂಡತಿ ಗುರುದೇವಿ ಜೋಳದ ರೊಟ್ಟಿಯ ಊಟ ಕಟ್ಟಿಕೊಡುತ್ತಿದ್ದಳು. ಮೈಸೂರಿನ ಪ್ರಜ್ವಲ ಮೊದಲ ದಿನ ರೊಟ್ಟಿಯನ್ನು ಹಪ್ಪಳವೆಂದು ತಿಳಿದು ಅನ್ನ ಎಲ್ಲಿ ಎಂದು ಕೇಳಿದ್ದ. ಆಮೇಲೆ ಅವನೇ ಅವಳ ಪರಮಭಕ್ತನಾದ.

ಅಷ್ಟರಲ್ಲಿ ಎದುರಿನ ಕಟ್ಟಡಕ್ಕೆ ರಾಯಚೂರಿನ ಜಯಮ್ಮ ಬಂದಳು. ಗಂಡ ಗುರುಸಿದ್ದಪ್ಪ ಕಟ್ಟಡ ಕೆಲಸದ ಮೇಸ್ತ್ರಿ. ಅವಳೂ ರೊಟ್ಟಿ ಊಟ ಶುರು ಮಾಡಿದಳು. ಗುರುದೇವಿಗೆ ಖುಷಿಯೋ ಖುಷಿ. ತನ್ನಿಂದಾಗದ ಗಿರಾಕಿಗಳನ್ನು ಅಲ್ಲಿಗೆ ಕಳಿಸಿದಳು, ಮೊಸರಿಗೆ ಹೆಪ್ಪನ್ನೂ ಕೊಟ್ಟಳು.

ನನಗೆ ತಡೆಯಲಾಗಲಿಲ್ಲ. ಆಗತಾನೇ ನಮ್ಮ ಕಂಪನಿಯವರು ಎಲ್ಲರನ್ನೂ ದೊಡ್ಡ ಹೋಟೆಲಿಗೆ ಕರೆದೊಯ್ದು, ಟೈ ಕಟ್ಟಿದವನೊಬ್ಬನಿಂದ ಸ್ಪರ್ಧೆಯ ಮಹಿಮೆ ಕುರಿತು ಉಪದೇಶ ಕೊಡಿಸಿದ್ದರು. (ಊಟ ಚೆನ್ನಾಗಿತ್ತು, ಹಾಗಾಗಿ ಉಪದೇಶವೂ ಒಳಗಿಳಿದಿತ್ತು.)

"ವೈರಿಗೆ ಯಾರರ ಹೆಪ್ಪ ಕೊಡ್ತಾರೇನ? ಪೈಪೋಟಿ ಮಾಡಬೇಕು. ಇಡೀ ಸೃಷ್ಟಿ ಅದರ ಮ್ಯಾಲೆ ನಿಂತೈತಿ. ನಮ್ಮ ಬಾಲ್ಕನಿ ಕುಂಡದಾಗ ನೋಡು, ಬಸಳಿ, ಮೆಣಸಿನ ಗಿಡ ಎರಡೂ ಬಿಸಿಲಿಗೆ ಹೆಂಗ ಬಡಿದಾಡಾಕತ್ತಾವ!"

"ಮೆಣಸಿನ ಗಿಡ ಒಣಗಿ ಹೋಗೇತ್ರಿ."

"ಬಸಳಿ ಬೆಳದೈತಲ್ಲ!"

"ನಿಮಗ ಬಸಳಿ ಸೇರಂಗಿಲ್ಲಲ್ರಿ."

ನನ್ನ ಉಪದೇಶ ಅಲ್ಲಿಗೇ ಸತ್ತಿತು. ಆದರೆ ಮರುದಿನ ಪ್ರಜ್ವಲ ಏನೂ ಅರಿಯದೆ, "ಆಂಟಿ, ಎದುರುಗಡೆಯವರ ರೊಟ್ಟಿ ಇನ್ನೂ ತೆಳ್ಳಗಿರುತ್ತಂತೆ" ಎಂದುಬಿಟ್ಟ. ಗುರುದೇವಿ ಸೆರಗು ಬಿಗಿದಳು.

ಮಹಾಸಂಗ್ರಾಮ ಆರಂಭವಾಯಿತು. ಇವಳು ಶೇಂಗಾ ಚಟ್ನಿ ಸೇರಿಸಿದರೆ ಅವಳು ಗುರೆಳ್ಳು ಚಟ್ನಿ. ಇವಳು ಎಣ್ಣೆಗಾಯಿ, ಅವಳು ಕೆನೆಮೊಸರು. ಬೆಳಕು ಹರಿಯುವ ಮೊದಲೇ ಎರಡೂ ಮನೆಗಳಲ್ಲಿ ರೊಟ್ಟಿ ಬಡಿಯುವ ಸದ್ದು. ಎದುರಿನ ಬಡಿತ ಜೋರಾದರೆ ಇವಳ ಕೈಯೂ ಚುರುಕಾಗುತ್ತಿತ್ತು. ಒಲೆಯ ಮೇಲೆ ಹಂಚು ಇತ್ತು, ಹಂಚಿಕೊಳ್ಳುವುದು ಮಾತ್ರ ನಿಂತಿತು. ಒಳ್ಳೆಯದೆಲ್ಲ ಹುಡುಗರ ಡಬ್ಬಿ ಸೇರಿ, ನನ್ನ ಪಾಲಿಗೆ ಮುರಿದ ರೊಟ್ಟಿ ಮತ್ತು ಬಸಳೆ ಪಲ್ಯ.

ಆಮೇಲೆ ಅಮೆರಿಕದಲ್ಲಿ ಏನೋ ಮುಳುಗಿತಂತೆ. ಇಲ್ಲಿ ನಮ್ಮ ಮನೆಯಲ್ಲಿ ಹಿಟ್ಟು ಉಳಿಯತೊಡಗಿತು. ಐಟಿ ಐತಿ ಎನ್ನುವ ತನಕ ಎಲ್ಲವೂ ಐತಿ. ಐಟಿಯೇ ಇಲ್ಲವೆಂದರೆ ಹುಡುಗರೆಲ್ಲಿ? ಒಬ್ಬೊಬ್ಬರಾಗಿ ಸೂಟ್‌ಕೇಸು ಹಿಡಿದು ಊರಿಗೆ ಹೋದರು. ಕಟ್ಟಡಗಳ ಕೆಲಸವೂ ನಿಂತು ಗುರುಸಿದ್ದಪ್ಪ ಮನೆಯಲ್ಲಿ ಕೂತ.

ಒಂದು ಸಂಜೆ ಜಯಮ್ಮ ತನ್ನ ಹಂಚು ಹಿಡಿದು ನಮ್ಮ ಬಾಗಿಲಿಗೆ ಬಂದಳು.

"ಅಕ್ಕಾ, ನಾಳೆ ಊರಿಗೆ ಹೊಂಟೀವ್ರಿ. ಸಾಮಾನ ಭಾಳ ಆಗೇತಿ, ಇದನ್ನ ನೀವ ಇಟ್ಕೊರಿ."

"ಊರಾಗ ರೊಟ್ಟಿ ಮಾಡಂಗಿಲ್ಲೇನ ಜಯಮ್ಮ?"

"ಮಾಡ್ತೀನ್ರಿ. ಆದ್ರ ಅಲ್ಲಿ ಯಾರ ಸದ್ದ ಕೇಳಿ ಮಾಡ್ಲಿ?"

ಇಬ್ಬರೂ ಹಂಚನ್ನು ನಡುವೆ ಇಟ್ಟುಕೊಂಡು ಹೊಸ್ತಿಲಲ್ಲಿ ಕೂತರು. ಅವಳು ಹೋದ ಮೇಲೆ ನಾನು ಉತ್ಸಾಹದಿಂದ, "ಗೆದ್ದಿ ನೋಡು!" ಎಂದೆ. ಸತ್ತವರ ಮನೆಯಲ್ಲಿ ನಕ್ಕವನನ್ನು ನೋಡುವಂತೆ ಗುರುದೇವಿ ನನ್ನನ್ನು ನೋಡಿದಳು.

ಅಂದಿನಿಂದ ಅವಳ ಕೈ ಕೆಟ್ಟಿತು. ಬಡಿಯುತ್ತ ಬಡಿಯುತ್ತ ನಿಲ್ಲಿಸಿ ಎದುರುಮನೆಯತ್ತ ಕಿವಿಗೊಡುವಳು. ಹಂಚಿನ ಮೇಲಿನ ರೊಟ್ಟಿ ಕರಕಲಾಗುವುದು. ಉಳಿದಿದ್ದ ಒಬ್ಬನೇ ಗಿರಾಕಿ ಪ್ರಜ್ವಲ. ಅವನೂ ಡಬ್ಬಿಯಲ್ಲಿ ಅರ್ಧ ಬಿಡತೊಡಗಿದ. ಅವನು ಹೋದರೆ ಅವಳ ಒಲೆ ಆರಿದಂತೆಯೇ. ನಾನು ಹೆದರಿ ಮತ್ತೆ ಬಾಯಿ ತೆರೆದೆ.

"ಎದುರಾಳಿ ಇಲ್ಲದ್ದಕ್ಕ ಹಿಂಗ ಆಗೇತಿ. ನಿನಗ ಪೈಪೋಟಿ ಬೇಕು."

"ಹೌದೇನ್ರಿ? ಹಂಗಾದ್ರ ನೀವ ಕೂಡ್ರಿ. ಜಯಮ್ಮನ ಹಂಚ ಐತಿ."

ಮದುವೆಗೆ ಮುಂಚೆ ಬಾಡಿಗೆ ಕೋಣೆಯಲ್ಲಿ ನನ್ನ ರೊಟ್ಟಿ ನಾನೇ ಸುಟ್ಟುಕೊಂಡವನು ನಾನು. ಆದರೂ ಸೊಗಸಾಗಿ ಸೋತು ಅವಳ ಮುಖದಲ್ಲಿ ನಗು ತರಿಸುವುದೇ ನನ್ನ ಘನ ಉದ್ದೇಶ. ಭಾನುವಾರ ಕೂತು ಬಡಿದೆ. ಬೀದರ ಜಿಲ್ಲೆಯ ನಕಾಶೆಯಂಥ ರೊಟ್ಟಿಯೊಂದು ಹುಟ್ಟಿತು. ಪ್ರಜ್ವಲನನ್ನು ಕರೆದು, ಕಣ್ಣು ಮುಚ್ಚಿಸಿ, ಎರಡೂ ತಿನ್ನಿಸಿದೆವು.

ಅವನು ನನ್ನ ರೊಟ್ಟಿಯನ್ನೇ ಎತ್ತಿ ಹಿಡಿದ. "ಇದು ಆಂಟಿದು, ಗ್ಯಾರಂಟಿ. ಆ ಇನ್ನೊಂದು... ಪಾಪ, ಅಂಕಲ್ ನಿಧಾನಕ್ಕೆ ಕಲೀತಾರೆ ಬಿಡಿ."

ಕಣ್ಣು ತೆರೆದು ನಮ್ಮ ಮುಖ ನೋಡಿದವನು ಕೈ ಕೂಡ ತೊಳೆಯದೆ ಓಡಿಹೋದ.

ಹಂಚು ಹಾರಿ ಬರುತ್ತದೆಂದು ನಾನು ತಲೆ ತಗ್ಗಿಸಿದೆ. ಬರಲಿಲ್ಲ. ಗುರುದೇವಿ ನನ್ನ ರೊಟ್ಟಿಯ ಚೂರು ಬಾಯಿಗೆ ಹಾಕಿಕೊಂಡಳು, ಆಮೇಲೆ ತನ್ನದು. ತುಂಬ ಹೊತ್ತು ಅಗಿದಳು. ಕೈಗಂಟಿದ ಹಿಟ್ಟನ್ನು ಕೊಡವಿ ಎದ್ದಳು.

"ಅಂವ ಸುಳ್ಳ ಹೇಳಿಲ್ಲ. ಇನ್ಮ್ಯಾಲೆ ಗೆದ್ದವರೇ ಮಾಡ್ರಿ."

"ಎಷ್ಟ ದಿನ?"

"ಜಯಮ್ಮ ಬರೂತನಕ."

ಈಗ ನಸುಕಿನಲ್ಲೆದ್ದು ಬಡಿಯುವವನು ನಾನು. ಬೆರಳಿಗೆಲ್ಲ ಬೊಬ್ಬೆ. ಗುರುದೇವಿ ಬಾಲ್ಕನಿಯಲ್ಲಿ ಕೂತು ಎದುರಿನ ಮುಚ್ಚಿದ ಕಿಟಕಿ ನೋಡುತ್ತಿರುತ್ತಾಳೆ. (ಅವಳಿಗೆ ಚಹಾ ಕಾಸುವ ಕೆಲಸ ಕೂಡ ನನ್ನದೇ.) ಪ್ರಜ್ವಲನ ಡಬ್ಬಿ ಕಟ್ಟಿ ಬೇಗಂಪೇಟೆಯ ಬಸ್ಸು ಹತ್ತಿದರೆ, ಅರ್ಧಕ್ಕೆ ನಿಂತ ಒಂದೊಂದು ಕಟ್ಟಡ ಬಂದಾಗಲೂ ಕಿಟಕಿಯಿಂದ ಕತ್ತು ಚಾಚುತ್ತೇನೆ, ಸಿಮೆಂಟಿನ ಲಾರಿಯೇನಾದರೂ ಬಂದು ನಿಂತಿದೆಯೇ ಎಂದು. ಗುರುಸಿದ್ದಪ್ಪನಿಗೆ ಕೆಲಸ ಸಿಕ್ಕರೆ ಜಯಮ್ಮನೂ ಬರಬೇಕಲ್ಲ.