ನನ್ನ ಗಾಜು ದನಿ ಮಾಡಿದಾಗಲೆಲ್ಲ

ಗಾಜಿನ ಕೆಲಸದವನಿಗೆ ಒಡೆಯುವ ಭಯ ಜಾಸ್ತಿ ಅಂತ ಜನ ತಿಳಿದಿದ್ದಾರೆ. ನನ್ನ ಕೈಯಲ್ಲಿ ಗಾಜು ಒಡೆದದ್ದು ಕಡಿಮೆ, ಮರ್ಯಾದೆ ಹೋದದ್ದೇ ಹೆಚ್ಚು. ರಾಣೇಬೆನ್ನೂರಿನಲ್ಲಿ ಚಿತ್ರಕಲಾ ಮಾಸ್ತರನಾಗಿದ್ದ ನಾನು ಎರಡು ಸಾವಿರದ ಇಸವಿ ದಾಟಿದ ಮೇಲೆ, ಯಾರಾದರೂ ಎದುರು ಬಂದರೆ ಬೆಳಗುವ, ದನಿ ಮಾಡುವ ಗಾಜಿನ ಶಿಲ್ಪಗಳನ್ನು ಮಾಡತೊಡಗಿದೆ. ಗಾಜು ನನ್ನದು, ಒಳಗಿನ ವೈರು-ಲೈಟು ರೇಡಿಯೊ ರಿಪೇರಿಯ ಗೆಳೆಯನದು. ಫಜೀತಿ ಮಾತ್ರ ಪೂರ್ತಿ ನನ್ನದು.

ಉದ್ಘಾಟನೆ

ಮೊದಲನೆಯದು ಆಳೆತ್ತರದ ಗಾಜಿನ ಗಿಡ. ಊರಿನ ವಾಚನಾಲಯದಲ್ಲಿ ಇಟ್ಟೆವು. ಮುಂದೆ ಯಾರಾದರೂ ಅಲುಗಾಡಿದರೆ ಎಲೆಗಳು ಹಸಿರಾಗಿ ಬೆಳಗಿ ಗೆಜ್ಜೆಯಂತೆ ಸದ್ದು ಮಾಡಬೇಕು. ಉದ್ಘಾಟನೆಗೆ ಬಂದವರು ನನಗೇ ಕಲಿಸಿದ ನಿವೃತ್ತ ಹೆಡ್‌ಮಾಸ್ತರರು. "ಮುಂದ ನಿಂತ್ರ ಸಾಕ್ರಿ ಸರ್" ಅಂದಿದ್ದೆ. ಅವರು ರಾಷ್ಟ್ರಗೀತೆಗೆ ನಿಂತವರ ಹಾಗೆ ನಿಂತರು. ಅವರೂ ಅಲುಗಲಿಲ್ಲ, ಗಿಡವೂ ಬೆಳಗಲಿಲ್ಲ. "ಸ್ವಲ್ಪ ಅಳ್ಳಾಡ್ರಿ ಸರ್" ಅನ್ನಲು ನನಗೆ ಬಾಯಿ ಬರಲಿಲ್ಲ. ಏಳನೆಯ ಇಯತ್ತೆಯಲ್ಲಿ ಅಳ್ಳಾಡಿದ್ದಕ್ಕೇ ಅವರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು.

ಕೊನೆಗೆ ಅವರ ಬೆನ್ನ ಹಿಂದೆ ನಿಂತು ಎರಡೂ ಕೈ ಚಾಚಿ ಬೀಸಿದೆ. ಸಾಲಲಿಲ್ಲ. ಪಕ್ಕಕ್ಕೆ ಬಂದು ಕುಣಿದೆ. ಗಿಡ ಹೊತ್ತಿತು, ಚಪ್ಪಾಳೆ ಬಿತ್ತು. ಹೊರಗೆ ಬರುವಾಗ ಒಬ್ಬ ಅಜ್ಜ ಬೆನ್ನು ತಟ್ಟಿದ: "ಕುಣಿತ ಚಲೋ ಆತ್ರಿ ಮಾಸ್ತರ. ಹಿಂದಿನ ಲೈಟಿಂಗೂ ಅಡ್ಡಿಯಿಲ್ಲ."

ಖಾರ

ಬ್ಯಾಡಗಿ ಮಾರುಕಟ್ಟೆಯ ಪಕ್ಕದ ಸಭಾಂಗಣಕ್ಕೆ ಒಯ್ದದ್ದು ಗಾಜಿನ ಹೂಗೊಂಚಲು. ಪಿಸುಮಾತಿಗೆ ನಸುಗೆಂಪು, ಜೋರು ದನಿಗೆ ಕಡುಗೆಂಪಾಗಿ ಢಣ್ ಅನ್ನುತ್ತಿತ್ತು. ಮೌನದ ಮಹತ್ವದ ಮೇಲೆ ಒಂದು ಭಾಷಣ ಬರೆದುಕೊಂಡು ಹೋಗಿದ್ದೆ. ಹೊರಗೆ ಮೆಣಸಿನಕಾಯಿ ಚೀಲ ಸುರಿಯುತ್ತಿದ್ದರು. ಗಾಳಿ ನಮ್ಮ ಕಡೆಗೇ ಇತ್ತು. "ಮೌನ" ಅಂದೆ, ಸೀನಿದೆ. ಹೂ ಕೆಂಪಗೆ ಹೊತ್ತಿ ಢಣ್ ಅಂದಿತು. ಮತ್ತೆ "ಮೌನ" ಅಂದೆ, ಮತ್ತೆ ಸೀನು, ಮತ್ತೆ ಢಣ್. ಆ ಘಾಟಿಗೆ ಪಳಗಿದ ಊರವರು ಒಬ್ಬರೂ ಸೀನಲಿಲ್ಲ. ಹಮಾಲರು ಕೆಲಸ ಬಿಟ್ಟು ಬಂದು, "ತಡೀರಿ, ಇನ್ನೊಂದು ಬರಾಕತ್ತೇತಿ" ಅಂತ ಒಬ್ಬರಿಗೊಬ್ಬರು ಹೇಳುತ್ತ ಕಾದು ನಿಂತರು.

ಭಾಷಣ ಅಲ್ಲಿಗೇ ಮುಗಿಯಿತು. ಹಿರಿಯ ವ್ಯಾಪಾರಿಯೊಬ್ಬರು ಹತ್ತಿರ ಬಂದರು. "ಖಾರ ಅಳಿಯೂ ಮಷೀನ ಭಾಳ ಚಲೋ ಮಾಡೀರಿ. ಆದ್ರ ನಮ್ಮ ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮಿ. ಇದಕ್ಕ ಹಿಂಗಾದ್ರ ಗುಂಟೂರ ಕಾಯಿಗೆ ಹೆಂಗ್ರಿ?"

ಇದು ಮಷೀನ ಅಲ್ಲ, ಕಲೆ ಅಂತ ಹೇಳಲು ಬಾಯಿ ತೆರೆದೆ. ಸೀನು ಬಂತು.

"ಮಷೀನ ತಡದೀತು. ನಿಮ್ಮ ಮೂಗು ತಡಿಯೂದಿಲ್ಲ ಬಿಡ್ರಿ" ಅಂದರು.

ಗಂಟೆ

ಹಾವೇರಿಯ ಹಲ್ಲಿನ ಡಾಕ್ಟರೊಬ್ಬರು, ರೋಗಿಗಳ ಅಂಜಿಕೆ ಹೋಗಲಿ ಅಂತ, ಅವರು ಕಾಯುವ ಕೋಣೆಯಲ್ಲಿ ನನ್ನ ಗಾಜಿನ ಮೀನು ಇಡಿಸಿಕೊಂಡರು. ಹತ್ತಿರ ಹೋದರೆ ನೀಲಿಯಾಗಿ ಬೆಳಗಿ ಕಿಣಿ ಅನ್ನುವ ಮೀನು. ವಾರದ ಮೇಲೆ ನೋಡಲು ಹೋದರೆ ಅದರ ಮೇಲೆ ಟವೆಲ್ಲು ಮುಚ್ಚಿತ್ತು. ಜನ ಅದನ್ನು ಒಳಗೆ ಕರೆಯುವ ಗಂಟೆ ಅಂತ ತಿಳಿದಿದ್ದರಂತೆ.

"ಅಂಜಿಕಿ ಖರೇನ ಹೋಗೇತ್ರಿ," ಅಂದರು ಡಾಕ್ಟರು. "ನಾ ಒಬ್ಬರ ಹಲ್ಲು ಹಿಡಕೊಂಡಿರತೇನಿ, ಇನ್ನ ಮೂರು ಮಂದಿ ಬಂದು ಬಾಯಿ ತಕ್ಕೊಂಡು ನಿಂತಿರತಾರ."

ಮೂರನೆಯ ದನಿ

ಬೆಂಗಳೂರಿನ ದೊಡ್ಡ ಪ್ರದರ್ಶನವೊಂದಕ್ಕೆ ಶಿಲ್ಪ ಆರಿಸಲು ಇಬ್ಬರು ನಮ್ಮ ಮನೆಗೇ ಬರುವವರಿದ್ದರು. ಅಷ್ಟು ವರ್ಷದ ಕೆಲಸಕ್ಕೆ ಸಿಕ್ಕ ಮೊದಲ ಅವಕಾಶ. ಅದಕ್ಕಾಗಿ ಗಾಜಿನ ಕೊಡ ಮಾಡಿದೆ. ಮುಟ್ಟಿದಾಗೊಮ್ಮೆ ಬೆಳಗಿ, ಮನೆಯ ಒಂದೊಂದು ದನಿ ಕೇಳಿಸಬೇಕು: ಬಳೆ, ನೀರು, ಒಗ್ಗರಣೆ. ಟೇಪ್ ರೆಕಾರ್ಡರ್ ಅಡುಗೆಮನೆಯಲ್ಲಿಟ್ಟೆ, ಬಂದ್ ಮಾಡಲು ಮರೆತೆ. ಗೆಳೆಯನಿಗೆ, "ಒಗ್ಗರಣಿ ಟೇಪಿನ ಕಡೀಕ ಐತಿ" ಅಂತ ಹೇಳಿ ಕೊಟ್ಟೆ. ಅವನು ಕಡೆಯದನ್ನೇ ಹಾಕಿದ. ನಾನು ಒಮ್ಮೆಯೂ ಕೇಳಿ ನೋಡಲಿಲ್ಲ.

ಬಂದವರಲ್ಲಿ ಒಬ್ಬರು ಹಿರಿಯ ಶಿಲ್ಪಿ, ಗಂಭೀರ ಹೆಂಗಸು. ಕೊಡ ಮುಟ್ಟಿದರು, ಬಳೆ ಸದ್ದು. ಮತ್ತೆ ಮುಟ್ಟಿದರು, ನೀರು. ಮೂರನೆಯ ಸಲ ಕೊಡ ಬಂಗಾರದ ಬಣ್ಣಕ್ಕೆ ತಿರುಗಿ, ಹಲಗೇರಿಯಲ್ಲಿರುವ ತನ್ನ ತಂಗಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ ನನ್ನ ಹೆಂಡತಿಯ ದನಿ ಬಂತು:

"ಅದೇನಂತ ನನಗೂ ತಿಳದಿಲ್ಲವಾ, ಅವರಿಗೂ ತಿಳದಿಲ್ಲ. ಒರಸೂದು ನಾನು, ಹೆಸರು ಅವರದು. ಬಡಪಾಯಿ ಮನಶಾ, ಯಾಕ ನೋಯಿಸೂದು ಅಂತ ಚಲೋ ಐತ್ರಿ ಅಂದಬಿಡತೇನಿ."

ಚಹಾ ತಂದ ಹೆಂಡತಿ ಬಾಗಿಲಲ್ಲೇ ನಿಂತಳು. ನಾನು ಪ್ಲಗ್ ಕೀಳಲು ಬಗ್ಗಿದೆ. "ಇರಲಿ" ಅಂದ ಆ ಹೆಂಗಸು ಮತ್ತೆ ಮೂರು ಸಲ ಮುಟ್ಟಿ, ಅದೇ ಮಾತನ್ನು ಪೂರ್ತಿ ಕೇಳಿ, ಚಹಾ ಕುಡಿದು ಹೋದರು. ನಾನು ಎರಡು ದಿನ ಹೆಂಡತಿಯ ಜೊತೆ ಮಾತಾಡಲಿಲ್ಲ. ಅವಳೂ ಆಡಲಿಲ್ಲ, ಆದರೆ ಕೊಡ ಒರಸಿಟ್ಟಳು.

ಹದಿನೈದು ದಿನಕ್ಕೆ ಪತ್ರ ಬಂತು. ಶಿಲ್ಪ ಆಯ್ಕೆಯಾಗಿತ್ತು. ಕೆಳಗೆ ಒಂದು ಸಾಲು: ಮೊದಲೆರಡು ದನಿ ತೆಗೆದುಬಿಡಿ, ಮೂರನೆಯದೊಂದೇ ಸಾಕು.

ಹೆಂಡತಿಗೆ ಓದಿ ಹೇಳಿದೆ. ಅವಳು ಸೆರಗಿಗೆ ಕೈ ಒರಸಿಕೊಂಡಳು.

"ಒಂದ ಸಾಕಂತ? ನಂದು ಹೇಳೂದು ಇನ್ನೂ ಭಾಳ ಐತ್ರಿ. ಆ ಟೇಪ್ ಎಲ್ಲಿಟ್ಟೀರಿ?"