ಒಂದೂವರೆ ಗೇಣಿನ ಗ್ರಾಫಿಕ್ಸ್ ಕಾರ್ಡು

ಇಷ್ಟೊಂದು ಅಧ್ಯಯನ ಮಾಡಿ ಬಸವಕಲ್ಯಾಣದಲ್ಲಿ ಈವರೆಗೆ ಯಾರೂ ಯಾವ ಸಾಮಾನನ್ನೂ ಕೊಂಡಿರಲಾರರು ಎಂಬುದು ವಸೀಮ್‌ನ ಖಚಿತ ಅಭಿಪ್ರಾಯವಾಗಿತ್ತು. ಮೂರು ತಿಂಗಳು! ಹುಮನಾಬಾದಿನ ಬೇಳೆ ಮಿಲ್ಲೊಂದರಲ್ಲಿ ಬಿಲ್ಲು ಟೈಪು ಮಾಡುವ ಈ ಮಹಾಶಯ, ಬಸ್ಸಿನಲ್ಲಿ ಹೋಗುವಾಗೊಂದು ಬರುವಾಗೊಂದು ವಿಡಿಯೋ ನೋಡಿ, ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಹದಿಮೂರು ಕಾಲಂ ಗೀಟು ಹಾಕಿ, ಇಪ್ಪತ್ತೆರಡು ಗ್ರಾಫಿಕ್ಸ್ ಕಾರ್ಡುಗಳ ಕುಲಗೋತ್ರ ಬರೆದಿಟ್ಟಿದ್ದ. ಯಾವುದಕ್ಕೆ ಮೆಮೊರಿ ಎಷ್ಟು, ಯಾವುದು ಎಷ್ಟು ಕರೆಂಟು ಕುಡಿಯುತ್ತದೆ, ಯಾವುದರ ಫ್ಯಾನು ಎಷ್ಟು ಗುರುಗುಟ್ಟುತ್ತದೆ, ಎಲ್ಲವೂ ಬಾಯಿಪಾಠ.

"ಕಾರ್ಡ್ ಆರಿಸೂದಂದ್ರ ಹುಡುಗಿ ನೋಡಿದಂಗಲ್ಲ, ತಹಸೀನ್. ಒಂದ್ ಕಪ್ ಚಾ ಕುಡದು ಹೂಂ ಅನ್ನಾಕ ಬರಂಗಿಲ್ಲ!"

ಹೊಲಿಗೆ ಯಂತ್ರದಿಂದ ತಲೆಯೆತ್ತದೆಯೇ ಹೆಂಡತಿ ಹೇಳಿದಳು: "ನೀವು ಆ ಚಾನೂ ಕುಡದಿದ್ದಿಲ್ರಿ. ನಿಮ್ಮ ಅಮ್ಮೀ ಕುಡದು ಬಂದಿದ್ರು."

ಪ್ರೀತಿಗೆ ದಖನಿ ಉರ್ದು, ಜಗಳಕ್ಕೆ ಕನ್ನಡ ಎಂಬುದು ಆ ಮನೆಯ ಅಲಿಖಿತ ಕಾನೂನು. ಆ ಮೂರು ತಿಂಗಳು ಅಲ್ಲಿ ಕನ್ನಡ ಹುಲುಸಾಗಿ ಬೆಳೆಯಿತು.

ಕಾರಣವೇನೂ ಸಣ್ಣದಲ್ಲ. ವಸೀಮ್, ದಿಲೀಪ, ಧಮ್ಮಪಾಲ ಮೂವರೂ ಕಾಲೇಜಿನಲ್ಲಿ ಒಂದೇ ಬೆಂಚಿನವರು. ಈಗ ದಿಲೀಪನದು ಗೋರ್ಟಾದಲ್ಲಿ ಆನ್‌ಲೈನ್ ಅರ್ಜಿ ತುಂಬುವ ಅಂಗಡಿ. ಧಮ್ಮಪಾಲನದು ದುಬಲಗುಂಡಿಯಲ್ಲಿ ಫೋಟೋ ಸ್ಟುಡಿಯೋ. ಊರುಗಳೇನೂ ದೂರವಿಲ್ಲ, ಒಂದು ಬಸ್ಸು ಹತ್ತಿದರಾಯಿತು. ಆದರೆ ಒಬ್ಬನಿಗೆ ರಜೆ ಇದ್ದ ದಿನ ಇನ್ನೊಬ್ಬನಿಗೆ ಮದುವೆಯ ಆರ್ಡರು, ಮತ್ತೊಬ್ಬನಿಗೆ ಅರ್ಜಿಯ ಕಡೇ ದಿನ. ಒಬ್ಬರ ಮುಖ ಒಬ್ಬರು ನೋಡಿ ವರ್ಷ ದಾಟಿತ್ತು. ಅವರು ಸೇರುತ್ತಿದ್ದದ್ದು ಒಂದೇ ಕಡೆ: ಪ್ರತಿ ಭಾನುವಾರ ಮಧ್ಯಾಹ್ನ, ಕಂಪ್ಯೂಟರಿನೊಳಗಿನ ಒಂದು ಕಾಡಿನಲ್ಲಿ, ಬಂದೂಕು ಹಿಡಿದು.

ಆ ಕಾಡಿನಲ್ಲಿ ಮೊದಲು ಸಾಯುವವನು ಯಾವಾಗಲೂ ವಸೀಮ್. "ಹ್ಯಾಂಗ್ ಆತಪಾ, ಚಿತ್ರ ಮುಂದಕ್ಕೇ ಹೋಗವಲ್ದು" ಎಂಬುದು ಅವನ ಅಂತಿಮ ನುಡಿ. ಮೂರು ವರ್ಷ ಈ ಒಂದೇ ನುಡಿ ಕೇಳಿದ ಧಮ್ಮಪಾಲ ಕಡೆಗೆ ಗುಡುಗಿದ್ದ: "ವಸೀಮ್, ದೀಪಾವಳಿ ಒಳಗ ಛಲೋ ಕಾರ್ಡ್ ಹಾಕಸು. ಇಲ್ಲಂದ್ರ ನಿನ್ನ ಜಾಗಾದಾಗ ನಮ್ಮ ಷಡ್ಡಕನ್ನ ತಗೋತೀವಿ!"

ಷಡ್ಡಕ! ಬೆಂಚಿನ ಮೂರನೇ ಜಾಗಕ್ಕೆ ಯಾರದೋ ಷಡ್ಡಕ! ಆ ರಾತ್ರಿ ವಸೀಮ್‌ಗೆ ಊಟ ಸೇರಲಿಲ್ಲ. ನೋಟ್‌ಬುಕ್ಕು ಹುಟ್ಟಿದ್ದು ಹಾಗೆ.

ಇಪ್ಪತ್ತೆರಡರಲ್ಲಿ ಒಂದು ಗೆದ್ದಿತು. ಹುಮನಾಬಾದಿನ ಅಂಗಡಿಯಿಂದ ಅಬ್ದುಲ್ ರಜಾಕ್ ಸಾಹೇಬರ ಫೋನು ಬಂತು: "ಮಾಲ್ ಬಂದದ್ರಿ. ಆದ್ರ ಉದ್ದ ಭಾಳ ಅದ. ನಿಮ್ಮ ಕ್ಯಾಬಿನೆಟ್ಟಿನಾಗ ಹಿಡಿತದೇನ್ ನೋಡ್ರಿ."

ಹದಿಮೂರು ಕಾಲಂಗಳಲ್ಲಿ ಉದ್ದಕ್ಕೊಂದು ಕಾಲಂ ಇರಲಿಲ್ಲ! ಆದರೆ ವಸೀಮ್ ಎದೆಗುಂದುವವನಲ್ಲ. ಕಂಪ್ಯೂಟರಿನ ಮುಚ್ಚಳ ತೆಗೆದು, ಒಳಗೆ ಕೈಯಿಟ್ಟು, ಹೆಬ್ಬೆರಳಿನಿಂದ ಕಿರುಬೆರಳಿಗೆ ಚಾಚಿ ಅಳೆದ. "ಬರಾಬರ್ ಒಂದೂವರಿ ಗೇಣ ಜಾಗಾ ಅದ್ರಿ."

ಆ ತುದಿಯಲ್ಲಿ ಸಾಹೇಬರೂ ಗೇಣು ಹಾಕಿದರು. "ಒಂದೂವರಿಗಿ ಒಂದ್ ಬೊಟ್ಟ್ ಕಮ್ಮೀನ ಅದ. ಬೇಫಿಕರ್ ಇರ್ರಿ!"

ಈ ಸೀಮೆಯಲ್ಲಿ ಗೇಣೆಂದರೆ ಕೋರ್ಟಿನ ತೀರ್ಪು. ಬಾವಿ ಹಗ್ಗ, ನಲ್ಲಿ ಪೈಪು, ಬಾಗಿಲಿನ ಅಗಳಿ, ಎಲ್ಲವೂ ಫೋನಿನಲ್ಲೇ ಗೇಣು ಹಾಕಿ ಇತ್ಯರ್ಥವಾಗುತ್ತವೆ. ಕೊರಳಲ್ಲಿ ಟೇಪು ಇಳಿಬಿಟ್ಟುಕೊಂಡು ಅಲ್ಲೇ ಕೂತಿದ್ದ ತಹಸೀನ್ ಮಾತ್ರ ಕೇಳಿದಳು: "ಟೇಪ್ ಕೊಡ್ಲೇನ್ರಿ?"

"ಇದು ಬ್ಲೌಸ್ ಅಲ್ಲ!" ಎಂದ ವಸೀಮ್.

ಮರುದಿನ ಕಾರ್ಡು ಕೊಡುತ್ತ ರಜಾಕ್ ಸಾಹೇಬರು "ಮುಬಾರಕ್" ಎಂದು ಕೈ ಚಾಚಿದರು. ಅಬ್ಬಾ, ಅದು ಕೈಯೇ? ರೊಟ್ಟಿ ಬಡಿಯುವ ಕಲ್ಲು! ವಸೀಮ್‌ನ ಅಂಗೈ ಅದರೊಳಗೆ ಪೂರ್ತಿ ಕಾಣೆಯಾಯಿತು. ಬುದ್ಧಿ ಬರಬೇಕಿದ್ದರೆ ಆ ಗಳಿಗೆಯಲ್ಲೇ ಬರಬೇಕಿತ್ತು. ಬರಲಿಲ್ಲ. ಡಬ್ಬಿಯನ್ನು ಹಸುಗೂಸಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು, ಬಸ್ಸು ಗುಂಡಿಯಲ್ಲಿ ಇಳಿದಾಗಲೆಲ್ಲ ಎರಡೂ ಕೈಯಲ್ಲಿ ಎತ್ತಿ ಹಿಡಿಯುತ್ತ ಬಸವಕಲ್ಯಾಣ ಮುಟ್ಟಿದ.

ಕಾರ್ಡು ಕ್ಯಾಬಿನೆಟ್ಟಿಗಿಂತ ಮೂರು ಬೊಟ್ಟು ಉದ್ದವಿತ್ತು.

ನೇರ ಹಿಡಿದ, ಓರೆ ಹಿಡಿದ, ಅಲ್ಲಾನ ಹೆಸರು ಹೇಳಿ ಹಿಡಿದ. ಮೂರು ಬೊಟ್ಟು ಮೂರು ಬೊಟ್ಟಾಗಿಯೇ ಉಳಿಯಿತು. ಸಾಹೇಬರಿಗೆ ಫೋನು ಹಚ್ಚಿದ.

"ನೀವು ಹೇಳಿದ್ದು ಒಂದೂವರಿ ಗೇಣ!"

"ನಾ ಹೇಳಿದ್ದು ನನ್ನ ಗೇಣರಿ. ನಿಮ್ಮ ಗೇಣ ಸಣ್ಣದಿದ್ರ ಕಾರ್ಡಿಂದೇನ್ ತಪ್ಪ?"

"ವಾಪಸ್ ತಗೊಳ್ರಿ."

"ಸೀಲ್ ಒಡದದ್ದು ವಾಪಸ್ ಇಲ್ರಿ. ಡಬ್ಬಿ ಮ್ಯಾಲ ಬರದದ ನೋಡ್ರಿ."

ಬರೆದಿತ್ತು. ನಾಲ್ಕು ಭಾಷೆಯಲ್ಲಿ ಬರೆದಿತ್ತು. ಅದರ ಪಕ್ಕದಲ್ಲೇ ಕಾರ್ಡಿನ ಉದ್ದವೂ ಸೆಂಟಿಮೀಟರಿನಲ್ಲಿ ಅಚ್ಚಾಗಿತ್ತು!

ಇನ್ನು ಕ್ಯಾಬಿನೆಟ್ಟಿಗೇ ಶಸ್ತ್ರಚಿಕಿತ್ಸೆ ಎಂದು ನಿರ್ಧರಿಸಿದ ವಸೀಮ್ ಕೈಗೆ ಸಿಕ್ಕ ಕತ್ತರಿ ಎತ್ತಿದ. ಅದು ತಹಸೀನಳ ಬಟ್ಟೆ ಕತ್ತರಿ.

"ಇಡ್ರಿ ಕೆಳಗ! ಆ ಕತ್ತರಿಲೆ ನಾ ಕಾಗದಾನೂ ಕತ್ತರಸಂಗಿಲ್ಲ. ತಗಡ ಕೊಯ್ತೀರಾ?"

ಇಟ್ಟ. ಅವಳೇ ಎದ್ದು ಬಂದು ಟೇಪು ಹಿಡಿದಳು, ಕಾರ್ಡು ಅಳೆದಳು, ಕ್ಯಾಬಿನೆಟ್ಟು ಅಳೆದಳು, ಮುಂದಿನ ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಚೌಕ ಗೀಚಿದಳು. ಎರಡು ನಿಮಿಷ. ಒಳಗಿನ ಸಾಮಾನೆಲ್ಲ ಮಂಚದ ಮೇಲೆ ಹರಡಿ, ಖಾಲಿ ಕ್ಯಾಬಿನೆಟ್ಟು ವೆಲ್ಡಿಂಗ್ ಅಂಗಡಿಗೆ ಹೋಗಿ ಬಂತು. ಮತ್ತೆ ಜೋಡಿಸಿದಾಗ ಒಂದು ಸ್ಕ್ರೂ ಹೆಚ್ಚಾಗಿ ಉಳಿಯಿತು. ವಸೀಮ್ ಅದನ್ನು ಯಾರಿಗೂ ಹೇಳದೆ ಕಿಸೆಗಿಳಿಸಿದ. ಕಾರ್ಡೇನೋ ಕೂತಿತು, ಮೂಗು ಮಾತ್ರ ಕ್ಯಾಬಿನೆಟ್ಟಿನಿಂದ ಹೊರಗೆ. ಧೂಳು ಕೂರಬಾರದು, ಗಾಳಿಯೂ ಆಡಬೇಕೆಂದು ತಹಸೀನ್ ಜಾಲರಿ ಬಟ್ಟೆಯಲ್ಲಿ ಅದಕ್ಕೊಂದು ಕವಚ ಹೊಲಿದಳು. ಅಂಚಿಗೆ ಲೇಸು ಬೇರೆ.

"ಬ್ಲೌಸ್ ಅಲ್ಲ ಅಂದಿದ್ರಿ. ಈಗ ತೊಟ್ಟದ ನೋಡ್ರಿ."

ವಸೀಮ್ ಶುಕ್ರಿಯಾ ಎಂದ. ದಖನಿಯಲ್ಲಿ.

ಭಾನುವಾರ ಬಂತು. ಗೆಲುವಿಗೊಬ್ಬ ಸಾಕ್ಷಿ ಬೇಕಲ್ಲ, ಹೆಂಡತಿಗೂ ಕೇಳಲೆಂದು ಗೆಳೆಯರ ದನಿಯನ್ನು ಸ್ಪೀಕರಿಗೆ ಬಿಟ್ಟ. ಕಾಡು ತೆರೆದುಕೊಂಡಿತು. ಆಹಾ! ಎಲೆಯ ನರ ಕಾಣುತ್ತಿದೆ, ನೀರಿನಲ್ಲಿ ಮೋಡ ಕಾಣುತ್ತಿದೆ. ಎಲ್ಲೂ ನಿಲ್ಲುತ್ತಿಲ್ಲ, ತಡವರಿಸುತ್ತಿಲ್ಲ. ಮರದ ಹಿಂದಿನಿಂದ ವೈರಿಯೊಬ್ಬ ಹೊರಬಂದ. ಇಷ್ಟು ವರ್ಷ ತನ್ನನ್ನು ಕೊಂದವರ ಮುಖವನ್ನೇ ವಸೀಮ್ ಕಂಡಿರಲಿಲ್ಲ. ಈಗ ಅವರ ಮೀಸೆಯ ಒಂದೊಂದು ಕೂದಲೂ ಕಾಣುತ್ತಿತ್ತು. ಅದನ್ನೇ ನೋಡುತ್ತ ನಿಂತ. ಸತ್ತ.

ಮತ್ತೆ ಶುರು. ಸತ್ತ. ಹೀಗೆ ಏಳು ಸಲ.

ಆಮೇಲೆ ಧಮ್ಮಪಾಲ ಬಹಳ ಮೆತ್ತಗೆ ಕೇಳಿದ: "ವಸೀಮ್... ಹ್ಯಾಂಗ್ ಆತೇನಪಾ?"

ಹೂಂ ಅಂದುಬಿಡಬಹುದಿತ್ತು. ಮೂರು ವರ್ಷ ಅಂದವನಿಗೆ ಇನ್ನೊಂದು ಸಲ ಭಾರವೇ? ಆದರೆ ಎದುರಿಗೆ ನೀರು ತಡೆಯಿಲ್ಲದೆ ಹರಿಯುತ್ತಿತ್ತು. ಅದರೊಳಗೆ ಮೋಡ ತೇಲುತ್ತಿತ್ತು. ಅಷ್ಟು ಸ್ಪಷ್ಟವಾದದ್ದರ ಮುಂದೆ ಕೂತು ಸುಳ್ಳು ಹೇಳುವುದು ಅವನಿಂದ ಆಗಲಿಲ್ಲ. ಯಂತ್ರವನ್ನು ಬೈದ ದಿನಗಳೆಲ್ಲ ನೆನಪಾಗಿ, ಆ ಹಳೆಯ ಕಾರ್ಡಿನ ಮೇಲೆ ಮೊದಲ ಸಲ ಕರುಣೆ ಬಂತು. ಪಾಪ, ಅದು ಅವನ ಮಾನ ಕಾಯುತ್ತಿತ್ತು.

"ಇಲ್ಲಪಾ," ಎಂದ. "ಕಾರ್ಡ್ ಛಲೋ ಅದ. ನಂಗ ಆಡಾಕ ಬರಂಗಿಲ್ಲ. ನಿಮ್ಮ ಷಡ್ಡಕಗ ಹೇಳ್ರಿ, ಬರ್ಲಿ."

"ಹೋದ ಐತವಾರ ನೀ ಕಂಪ್ಯೂಟರ್ ಬಿಚ್ಚಿ ಕುಂತಿದ್ದೆಲ್ಲಾ, ಅವತ್ತ ಕರದಿದ್ವಿ ಅವನ್ನ," ಎಂದ ಧಮ್ಮಪಾಲ.

"ಹ್ಯಾಂಗ ಆಡ್ತಾನ?"

"ಸಾಯಂಗೇ ಇಲ್ಲ. ಮೂರ್ ತಾಸ ಗೆದ್ವಿ. ಒಂದ್ ಮಾತಿಲ್ಲ, ಕಥಿ ಇಲ್ಲ. ತಲಿ ಹಿಡದ್ ಹೋತು."

ದಿಲೀಪ ನಡುವೆ ಬಾಯಿ ಹಾಕಿದ. "ನೀ ಸತ್ತ ಮ್ಯಾಲ ಸುಮ್ಮ ಕೂಡಂಗಿಲ್ಲಲ್ಲ, ಮಾತಾಡ್ತಿ. ನಮ್ಮಪ್ಪನ ಆಪರೇಷನ್ ಆದ ವಾರ ಏನೇನೋ ಹೇಳಿ ನಗಿಸಿದ್ದಿ. ಅವತ್ತ ಆಟದಾಗ ಗೆದ್ನೋ ಸೋತ್ನೋ ನಂಗ ನೆನಪಿಲ್ಲ, ಅದಷ್ಟ ನೆನಪದ. ಷಡ್ಡಕ ಬ್ಯಾಡಪಾ. ಜಾಗಾ ನಿಂದೇ."

ವಸೀಮ್‌ನ ಕಣ್ಣಿನಲ್ಲಿ ಕಾಡು ಮಸುಕಾಯಿತು. ಕಾರ್ಡಿನ ದೋಷವಲ್ಲ ಅದು.

"ಒಂದೇ ಮಾತು," ಧಮ್ಮಪಾಲ ಸೇರಿಸಿದ, "ಏಳೇಳ್ ಸಲ ಯಾಕ ಏಳ್ತಿ? ಒಂದ ಸಲ ಲಗೂನ ಸತ್ತು ಆರಾಮ ಕೂಡು. ಮಾತಾಡೂಣು."

ಹೊಲಿಗೆ ಯಂತ್ರ ನಿಂತಿತು. ತಹಸೀನ್ ಹಲ್ಲಿನಿಂದ ದಾರ ಕಡಿದು, ಲೇಸಿನ ಕವಚ ತೊಟ್ಟು ಕೂತ ಕಾರ್ಡನ್ನೊಮ್ಮೆ, ಗಂಡನನ್ನೊಮ್ಮೆ ನೋಡಿ, ಶುದ್ಧ ಕನ್ನಡದಲ್ಲಿ ಹೇಳಿದಳು:

"ಲಗೂ ಸಾಯಾಕ ಇದು ಯಾಕ ಬೇಕಿತ್ರಿ? ಹಳೇದರಾಗೇ ಛಲೋ ಸಾಯ್ತಿದ್ರಲ್ಲ!"