ಮಾವ್ಶಿಯ ಕ್ಯಾಮರಾ ಮದ್ದು

ನಮ್ಮ ಮಾವ್ಶಿಯ ಎದುರು ತಪ್ಪಿಯೂ ತಲೆನೋವು ಎನ್ನಬೇಡಿ! ತಲೆ ಉಳಿದೀತು, ಮರ್ಯಾದೆ ಉಳಿಯದು.

ಮಾವ್ಶಿ ಎಂದರೆ ನನ್ನ ಅಮ್ಮನ ತಂಗಿ. ಮದುವೆಯಾಗಲಿಲ್ಲ, ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. ಊರು ಬಿಟ್ಟು ಹೋದ ಡಾಕ್ಟರೊಬ್ಬರು ಮೇಲಿನಿಂದ ಬಗ್ಗಿ ನೋಡುವ ಒಂದು ಡಬ್ಬಿ ಕ್ಯಾಮರಾ ಕೊಟ್ಟದ್ದೇ ಕೊಟ್ಟದ್ದು, ಇವರಿಗೆ ಔಷಧಿಯ ಮೇಲಿನ ನಂಬಿಕೆಯೇ ಹೋಯಿತು! ಅರವತ್ತರ ಆ ದಶಕದಲ್ಲಿ ಮಂಗಳೂರಿನವರು ಫೋಟೋ ತೆಗೆಸುತ್ತಿದ್ದದ್ದು ಮದುವೆಗೆ, ಇಲ್ಲವೇ ಹೆಣದ ಪಕ್ಕ ನಿಂತು. ಇವರೋ, ಕೆಸುವಿನ ಎಲೆಯದ್ದು, ಜೇಡನದ್ದು ತೆಗೆಯುವರು. ತಾವು ತೆಗೆದರೆ ಸಾಕಿತ್ತು, ನೋವೆಂದವರ ಕೈಯಿಂದಲೂ ತೆಗೆಸುವರು.

"ಎದೆ ಹತ್ರ ಹಿಡಿ. ಬಗ್ಗಿ ನೋಡು. ಉಸಿರು ಬಿಗಿಹಿಡಿ. ಈಗ ಹೇಳು, ನೋವು ಎಲ್ಲುಂಟು?"

ಉಂಟು ಎಂದಿರೋ, ಇನ್ನೊಂದು ಎಲೆ!

ಕುದ್ರೋಳಿಯಲ್ಲಿ ಅಕ್ಕಿ ಅಂಗಡಿ ಇಟ್ಟಿದ್ದ ಬ್ಯಾರಿ ಕಾಕ ಒಮ್ಮೆ, "ವ್ಯಾಪಾರದ ತಲೆಬಿಸಿ ಸಿಸ್ಟರೇ, ನಿದ್ರೆಯೇ ಇಲ್ಲ" ಎಂದುಬಿಟ್ಟರು. ಮುಗಿಯಿತಲ್ಲ! ಅಂಗಡಿಯ ಹಿಂದೆ ಬಸವನಹುಳದ ಮುಂದೆ ಕ್ಯಾಮರಾ ಹಿಡಿಸಿ ಅವರನ್ನು ಮೊಣಕಾಲೂರಿಸಿದರು. ಅಕ್ಕಿಗೆ ಬಂದವನೊಬ್ಬ ಇಣುಕಿದ.

"ಎಂತ ಕಳೆದುಹೋಯ್ತು ಕಾಕ?"

"ತಲೆಬಿಸಿ ಮಾರಾಯ! ಆಗ ಇತ್ತು, ಈಗ ಕಾಣುವುದಿಲ್ಲ!"

ಅಂದಿನಿಂದ ಮಾವ್ಶಿಯನ್ನು ಹಿಡಿಯುವವರುಂಟೇ?

ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ, ಗಂಡಿನ ತಾಯಿ "ಬಿಸಿಲಿಗೆ ತಲೆ ಸುತ್ತುತ್ತದೆ" ಎಂದರು. ನಾನು ಕಣ್ಸನ್ನೆ ಮಾಡಿದೆ, ಅಮ್ಮ ಕೆಮ್ಮಿದರು, ಅಪ್ಪ ಶರಬತ್ತು ಮುಂದೊಡ್ಡಿದರು. ಕೇಳುವವರಾರು? ಮಾವ್ಶಿ ಅವರ ಕೈಹಿಡಿದು ಬಾವಿಕಟ್ಟೆಗೆ ಕರೆದೊಯ್ದು ಮಿಂಚುಳ್ಳಿ ತೋರಿಸಿದರು. ಆ ತಾಯಿ ಕ್ಯಾಮರಾದಲ್ಲಿ ಹಕ್ಕಿಯನ್ನು ನೋಡುತ್ತ ಹಿಂದೆ ಸರಿದು ಸರಿದು, ಸೀದಾ ಗೊಬ್ಬರದ ಗುಂಡಿಗೆ! ರೇಷ್ಮೆ ಸೀರೆ ಸಮೇತ! ಸಂಬಂಧ ಮುರಿಯಿತೆಂದು ನಾನು ಒಳಗೆ ಅಳುತ್ತಿದ್ದರೆ, ಗುಂಡಿಯಿಂದ ಬಂದ ಪ್ರಶ್ನೆ ಏನು ಗೊತ್ತೇ? "ಹಕ್ಕಿ ಪೂರ್ತಿ ಬಂತಾ ಸಿಸ್ಟರೇ?"

ಅವರೇ ನನ್ನ ಅತ್ತೆಯಾದರು. ಒಬ್ಬರನ್ನೇ ತಡೆಯಲಾಗದ ನನಗೆ ದೇವರು ಇಬ್ಬರನ್ನು ಕೊಟ್ಟ!

ಮದುವೆಯಾದ ಮರುವರ್ಷ ಅಪ್ಪ ತೀರಿಕೊಂಡರು. ಅಮ್ಮ ಒಳಕೋಣೆಯ ಕಿಟಕಿ ಮುಚ್ಚಿ ಕುಳಿತವರು ಮಾತೇ ಬಿಟ್ಟರು. ನೋಡಿಕೊಳ್ಳಲು ನಾನು ತವರಿಗೆ ಬಂದೆ. ಮಾವ್ಶಿ ಅಲ್ಲಿಗೂ ಕ್ಯಾಮರಾ ತಂದಾಗ ತಡೆಯಲಾಗಲಿಲ್ಲ.

"ಇಲ್ಲಾದರೂ ಅದನ್ನು ಬಿಡಿ ಮಾವ್ಶಿ!" ಎಂದು ಕಿರುಚಿದೆ.

ಅವರು ಒಳಗೆ ಹೋಗಿ ಕಿಟಕಿ ತೆರೆದರು. ಕ್ಯಾಮರಾವನ್ನು ತಮ್ಮ ಅಕ್ಕನ ಮಡಿಲಲ್ಲಿಟ್ಟು, ಪಕ್ಕದಲ್ಲಿ ನೆಲದ ಮೇಲೆ ಸುಮ್ಮನೆ ಕುಳಿತರು. ಹೊರಗೆ ದಾಸವಾಳದ ಗೆಲ್ಲಿನಲ್ಲಿ ಸೂರಕ್ಕಿಯೊಂದು ಗೂಡು ಕಟ್ಟುತ್ತಿತ್ತು. ಮರುದಿನವೂ ಬಂದು ಹಾಗೆಯೇ ಕುಳಿತರು. ಅದರ ಮರುದಿನವೂ.

ಒಂದು ಬೆಳಿಗ್ಗೆ ನಾನು ಕಾಫಿ ತಂದೆ. ಅಮ್ಮ ಕ್ಯಾಮರಾವನ್ನು ಎದೆಗವಚಿ ಬಗ್ಗಿ ನೋಡುತ್ತಿದ್ದರು. ಲೋಟ ಇಟ್ಟ ಸದ್ದಿಗೆ ಹಕ್ಕಿ ಪುರ್ರನೆ ಹಾರಿತು.

"ಥತ್! ಓಡಿಸಿದೆಯಲ್ಲ ಮಾರಾಯ್ತಿ!"

ಅಮ್ಮನ ದನಿ! ಅಪ್ಪ ಹೋದ ಮೇಲೆ ಮೊದಲ ಸಲ ಕೇಳಿದ ದನಿ.

ಮಾವ್ಶಿ ಮುಖ ಆಚೆ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಕಾಫಿಯನ್ನು ಅಲ್ಲೇ ಬಿಟ್ಟು ಅಂಗಳಕ್ಕೆ ಓಡಿದೆ, ಆ ಹಕ್ಕಿಯನ್ನು ಹುಡುಕಲು.